ತೋಟದಲ್ಲಿ ಎಟಿವಿ: ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಯಾವ ಕಡೆ ವಾಲಬೇಕು

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಒಂದು ಹಳೇ ಎಟಿವಿ ತಂದ. ಯಾವುದೋ ಹೋಮ್‌ಸ್ಟೇಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಗಾಡಿ, ಕಡಿಮೆ ರೇಟಿಗೆ ಸಿಕ್ಕಿತಂತೆ. ಬಂದ ಸಂಜೆಯೇ ಫೋನ್ ಮಾಡಿದ. "ಅಣ್ಣಯ್ಯ, ಇದರಲ್ಲಿ ಕಲಿಯೋಕೆ ಎಂತದೂ ಇಲ್ಲ ಮಾರಾಯ. ನಾಲ್ಕು ಚಕ್ರ ಇದೆ, ಬೀಳೋದೇ ಇಲ್ಲ." ಈ ವಾರದ ಲೇಖನ ಅವನ ಆ ಕೊನೆಯ ಮಾತಿಗೆ ಉತ್ತರ.

ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಎಟಿವಿ ಕಾಣಿಸುತ್ತಿದೆ. ಬೈಕಿನ ಥರದ ಹ್ಯಾಂಡಲ್, ಕಾಲು ಎರಡೂ ಕಡೆ ಹಾಕಿ ಕೂರುವ ಸೀಟು, ಕೆಳಗೆ ನಾಲ್ಕು ದಪ್ಪ ಟಯರ್. ಜೀಪು ಹೋಗದ ದಾರಿಯಲ್ಲಿ ಗೊಬ್ಬರ, ಪೈಪು, ಕೊಯ್ದ ಮೆಣಸಿನ ಚೀಲ ಸಾಗಿಸಲು ಅನುಕೂಲ. ನಾನು ನಾಲ್ಕು ವರ್ಷದಿಂದ ಒಂದು 250 ಸಿಸಿ ಗಾಡಿ ಇಟ್ಟುಕೊಂಡಿದ್ದೇನೆ. ಕೊಳ್ಳಬೇಕೋ ಬೇಡವೋ, ಹಾಕಿದ ದುಡ್ಡು ಹುಟ್ಟುತ್ತದೋ ಇಲ್ಲವೋ ಅನ್ನುವುದನ್ನು ಇನ್ನೊಂದು ವಾರ ನೋಡೋಣ. ಇವತ್ತು ಓಡಿಸುವವರ ಮೈಯ ವಿಷಯ ಮಾತ್ರ.

ಒಟ್ಟು ತೂಕದ ಕಾಲು ಭಾಗ ನೀವೇ

ನನ್ನ ಗಾಡಿಯ ತೂಕ ಸುಮಾರು 200 ಕೆಜಿ. ನಾನು 65 ಕೆಜಿ. ಒಟ್ಟು 265 ಕೆಜಿಯಲ್ಲಿ ನನ್ನ ಪಾಲು ಹತ್ತಿರ ಹತ್ತಿರ ಕಾಲು ಭಾಗ. ಅದೇ ಮನುಷ್ಯ 1800 ಕೆಜಿಯ ಟ್ರ್ಯಾಕ್ಟರ್ ಮೇಲೆ ಕೂತರೆ ಅವನ ಪಾಲು ನೂರಕ್ಕೆ ನಾಲ್ಕೂ ಇಲ್ಲ. ಟ್ರ್ಯಾಕ್ಟರ್‌ನಲ್ಲಿ ನೀವು ಎಡಕ್ಕೆ ವಾಲಿದಿರೋ ಬಲಕ್ಕೆ ವಾಲಿದಿರೋ ಅದಕ್ಕೆ ಗೊತ್ತೇ ಆಗಲ್ಲ. ಎಟಿವಿಗೆ ಗೊತ್ತಾಗುತ್ತೆ. ಅದೂ ಅಲ್ಲದೆ ಈ ಕಾಲು ಭಾಗ ತೂಕ ಕೂತಿರುವುದು ಗಾಡಿಯ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ. ಟಯರುಗಳ ನಡುವಿನ ಅಗಲವೋ, ಒಂದು ಮೀಟರ್ ಕೂಡ ಇರುವುದಿಲ್ಲ.

ಹಾಗಾಗಿ ಗಾಡಿಯ ತೂಕ ಯಾವ ಚಕ್ರದ ಮೇಲೆ ಬೀಳಬೇಕು ಅನ್ನುವುದನ್ನು ತೀರ್ಮಾನ ಮಾಡುವವರು ನೀವು. ಎಂಜಿನ್ ಇದ್ದಲ್ಲೇ ಇರುತ್ತೆ, ಟ್ಯಾಂಕ್ ಇದ್ದಲ್ಲೇ ಇರುತ್ತೆ, ಜಾಗ ಬದಲಿಸಬಲ್ಲ ಭಾಗ ನೀವೊಬ್ಬರೇ. ಸೀಟು ಅಷ್ಟು ಉದ್ದ ಮಾಡಿರುವುದೂ ಇದಕ್ಕೇ. ತುಂಬಾ ಜನ ಅದನ್ನು ಹಿಂದೆ ಇನ್ನೊಬ್ಬರನ್ನು ಕೂರಿಸಲು ಅಂತ ತಿಳಿದಿದ್ದಾರೆ. ಒಬ್ಬರೇ ಓಡಿಸುವ ಗಾಡಿಗಳಲ್ಲಿ ಆ ಉದ್ದ ಇರುವುದು ಓಡಿಸುವವರು ಹಿಂದೆ ಮುಂದೆ ಸರಿಯುವುದಕ್ಕೆ. ಹಿಂದೆ ಒಬ್ಬರನ್ನು ಕೂರಿಸಿದರೆ ನೀವು ಸರಿಯಲು ಜಾಗ ಇಲ್ಲ, ಜೊತೆಗೆ ಹಿಂದಿನ ಆಕ್ಸಲ್ ಮೇಲೆ ಇನ್ನೊಂದು 60 ಕೆಜಿ. ಏರಿನಲ್ಲಿ ಮುಂದಿನ ಚಕ್ರ ಎದ್ದೇ ಏಳುತ್ತೆ. ಮಡ್‌ಗಾರ್ಡ್ ಮೇಲೆ ಅಂಟಿಸಿರುವ ಎಚ್ಚರಿಕೆಯ ಸ್ಟಿಕರ್‌ನಲ್ಲಿ ಇಬ್ಬರು ಕೂತ ಚಿತ್ರಕ್ಕೆ ಅಡ್ಡಗೆರೆ ಹೊಡೆದಿರುತ್ತಾರೆ. ಅದರ ಪಕ್ಕದಲ್ಲೇ ದೊಡ್ಡವರ ಗಾಡಿಯನ್ನು 16 ವರ್ಷದ ಒಳಗಿನವರಿಗೆ ಕೊಡಬೇಡಿ ಅಂತ ಇರುತ್ತೆ. ರೀಲ್ಸ್‌ನಲ್ಲಿ ಮೂರು ಜನ ಕೂತು ಹೋಗುವುದನ್ನು ನಾನೂ ನೋಡಿದ್ದೇನೆ. ಆ ಸ್ಟಿಕರ್ ಬರೆದವರಿಗೆ ರೀಲ್ಸ್ ಮಾಡುವವರಿಗಿಂತ ಆ ಗಾಡಿ ಚೆನ್ನಾಗಿ ಗೊತ್ತು.

ಮೊದಲು ಮೂರು ಚಕ್ರದ ಎಟಿವಿಗಳೂ ಇದ್ದವು. ಅಮೆರಿಕದಲ್ಲಿ ಅವು ಎಷ್ಟು ಮಗುಚಿದವು ಅಂದರೆ 1988ರಲ್ಲಿ ಸರ್ಕಾರ ಮತ್ತು ಕಂಪನಿಗಳ ನಡುವೆ ಒಪ್ಪಂದವಾಗಿ ಹೊಸ ಮೂರು ಚಕ್ರದ ಗಾಡಿಗಳ ಮಾರಾಟವೇ ನಿಂತಿತು. ನಾಲ್ಕು ಚಕ್ರ ಬಂದ ಮೇಲೂ ಕಥೆ ಮುಗಿಯಲಿಲ್ಲ. ಆಸ್ಟ್ರೇಲಿಯಾದ ಹೊಲಗಳಲ್ಲಿ ಇವತ್ತಿಗೂ ಜೀವ ತೆಗೆಯುವ ಯಂತ್ರಗಳ ಪಟ್ಟಿಯಲ್ಲಿ ಇದು ಮೇಲಿನ ಸಾಲಿನಲ್ಲೇ ಇದೆ. ಅಲ್ಲಿ 2021ರ ಅಕ್ಟೋಬರ್‌ನಿಂದ ಕೃಷಿಗೆ ಮಾರುವ ಪ್ರತಿ ಹೊಸ ಗಾಡಿಗೂ, ಮಗುಚಿದಾಗ ಸವಾರನ ಮೇಲೆ ಪೂರ್ತಿ ಭಾರ ಬೀಳದಂತೆ ತಡೆಯುವ ಕಂಬಿ ಇರಲೇಬೇಕು ಅಂತ ನಿಯಮ ಮಾಡಿದ್ದಾರೆ. ಸಾಯುವುದು ಬಿದ್ದಿದ್ದಕ್ಕಲ್ಲ ಎಷ್ಟೋ ಸಲ. ಎದೆ ಮೇಲೆ ಗಾಡಿ ಕೂತು ಉಸಿರು ಎಳೆಯಲು ಆಗದೆ.

ಬೈಕಿನ ಅಭ್ಯಾಸ ಮೊದಲು ಬಿಡಿ

ನಮಗೆಲ್ಲ ಬೈಕ್ ಬರುತ್ತೆ, ಅದೇ ಇಲ್ಲಿ ತೊಂದರೆ. ಬೈಕ್ ವಾಲಿದರೆ ಕಾಲು ಕೊಡುತ್ತೇವೆ. ಎಟಿವಿಯಲ್ಲಿ ಕಾಲು ಕೆಳಗಿಟ್ಟರೆ ನಿಮ್ಮ ಹಿಮ್ಮಡಿಯ ಹಿಂದೆಯೇ ಹಿಂದಿನ ಟಯರ್ ಬರುತ್ತಾ ಇರುತ್ತೆ. ಅದು ಕಾಲನ್ನು ಹಿಡಿದು ಒಳಗೆ ಎಳೆಯುತ್ತೆ. ಗಾಡಿ ಚಲಿಸುವಾಗ ಎರಡೂ ಪಾದ ಫುಟ್‌ರೆಸ್ಟ್ ಮೇಲೆಯೇ ಇರಬೇಕು. ವಾಲಲಿ, ಜಾರಲಿ, ಏನೇ ಆಗಲಿ. ಇದು ಬಾಯಲ್ಲಿ ಹೇಳಲು ಸುಲಭ, ಮೈಗೆ ಬರಲು ತಿಂಗಳುಗಟ್ಟಲೆ ಬೇಕು. ನನಗೆ ಬಂದಿದ್ದು ಪೆಟ್ಟು ತಿಂದ ಮೇಲೆ, ಅದನ್ನು ಮುಂದೆ ಹೇಳ್ತೀನಿ.

ಆಕ್ಸಿಲರೇಟರ್ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಿನಲ್ಲಿ ಒತ್ತುವುದು. ಇದಕ್ಕೂ ಕಾರಣ ಮೈ ಓಡಾಟವೇ. ಹಿಂದೆ ಸರಿಯುವಾಗ, ಗುಂಡಿಯಲ್ಲಿ ಎಗರುವಾಗ ಕೈ ಹಿಡಿಕೆಯ ಮೇಲೆ ಜಗ್ಗುತ್ತೆ. ತಿರುಗಿಸುವ ಹಿಡಿಕೆ ಆಗಿದ್ದರೆ ಪ್ರತಿ ಜಗ್ಗಿಗೂ ಎಂಜಿನ್ ಕಿರುಚುತ್ತಿತ್ತು. ಹೆಬ್ಬೆರಳು ಎತ್ತಿದರೆ ಸಾಕು, ಇದು ಇಳಿದುಬಿಡುತ್ತೆ. ಹೊಸಬರು ಗಾಬರಿಯಲ್ಲಿ ಇಡೀ ಮುಷ್ಟಿ ಬಿಗಿ ಹಿಡಿಯುತ್ತಾರೆ, ಆಗ ಹೆಬ್ಬೆರಳೂ ಒತ್ತುತ್ತೆ. "ಗಾಬರಿಯಾದರೆ ಹೆಬ್ಬೆರಳು ಮೇಲೆ" ಅಂತ ಮೊದಲ ದಿನವೇ ಬಾಯಿಪಾಠ ಮಾಡಿಕೊಳ್ಳಿ.

ಬ್ರೇಕ್ ವಿಷಯದಲ್ಲಿ ನಿಮ್ಮ ಗಾಡಿಯ ಕೈಪಿಡಿ ನೋಡಿ, ಎಲ್ಲವೂ ಒಂದೇ ಥರ ಇಲ್ಲ. ನನ್ನದರಲ್ಲಿ ಬಲಗೈ ಲಿವರ್ ಮುಂದಿನ ಚಕ್ರಕ್ಕೆ, ಎಡಗೈ ಲಿವರ್ ಮತ್ತು ಬಲಗಾಲಿನ ಪೆಡಲ್ ಹಿಂದಿನದಕ್ಕೆ. ಕೆಲವು ಗಾಡಿಗಳಲ್ಲಿ ಒಂದೇ ಲಿವರ್ ನಾಲ್ಕೂ ಚಕ್ರ ಹಿಡಿಯುತ್ತೆ. ಯಾವುದು ಯಾವ ಚಕ್ರಕ್ಕೆ ಅನ್ನುವುದು ಏರಿನಲ್ಲಿ ಜೀವದ ಪ್ರಶ್ನೆ ಆಗುತ್ತೆ. ಅಂಗಳದಲ್ಲೇ ತಳ್ಳಿ, ಒಂದೊಂದೇ ಹಿಡಿದು ನೋಡಿ ತಿಳಿದುಕೊಳ್ಳಿ.

ಟಯರ್ ಗಾಳಿಯೂ ಬೈಕಿನದಲ್ಲ. ಇದಕ್ಕೆ ಬೇಕಾಗಿರುವುದು ಬಹಳ ಕಡಿಮೆ ಒತ್ತಡ, ಹೆಚ್ಚಿನ ಗಾಡಿಗಳಲ್ಲಿ 4ರಿಂದ 7 ಪಿಎಸ್‌ಐ ಒಳಗೆ. ನಿಮ್ಮದಕ್ಕೆ ಎಷ್ಟು ಅಂತ ಸ್ಟಿಕರ್‌ನಲ್ಲಿ ಇರುತ್ತೆ. ಪಂಕ್ಚರ್ ಅಂಗಡಿಯವರು ಅಭ್ಯಾಸಬಲದಿಂದ 25 ತುಂಬಿಬಿಟ್ಟರೆ ಟಯರ್ ಚೆಂಡಿನ ಹಾಗೆ ಪುಟಿಯುತ್ತೆ, ಬೇರು ಸಿಕ್ಕಲ್ಲಿ ನಿಮ್ಮನ್ನು ಎತ್ತಿ ಹಾಕುತ್ತೆ. ಬಂಕಿನ ಮೀಟರಿನಲ್ಲಿ ಇಷ್ಟು ಕಡಿಮೆ ಒತ್ತಡ ಸರಿಯಾಗಿ ಗೊತ್ತಾಗಲ್ಲ. ಕಡಿಮೆ ಒತ್ತಡ ಅಳೆಯುವ ಗೇಜ್ ಒಂದು ಇಟ್ಟುಕೊಳ್ಳಿ. ಎಡ ಬಲ ಹೆಚ್ಚು ಕಡಿಮೆ ಇದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತೆ.

ಕೂರುವುದು, ಏಳುವುದು

ಸಮತಟ್ಟು ಜಾಗದಲ್ಲಿ ಸೀಟಿನ ನಡುವಿಗಿಂತ ಸ್ವಲ್ಪ ಮುಂದೆ ಕೂರಬೇಕು. ಬೆನ್ನು ಸಡಿಲ, ಮೊಣಕೈ ಸ್ವಲ್ಪ ಮಡಚಿ ಹೊರಗೆ, ಮೊಣಕಾಲು ಟ್ಯಾಂಕಿಗೆ ತಾಗಿದ ಹಾಗೆ, ಪಾದ ಫುಟ್‌ರೆಸ್ಟ್ ಮೇಲೆ. ಹ್ಯಾಂಡಲ್ ಹಿಡಿಯುವುದು ದಿಕ್ಕು ಬದಲಿಸಲು ಮಾತ್ರ, ಜೋತು ಬೀಳಲು ಅಲ್ಲ. ಮೈ ಹಿಡಿದು ನಿಲ್ಲಿಸುವ ಕೆಲಸ ಕಾಲಿನದು. ಕೈ ಸೆಟೆದು ನೇರವಾಗಿದ್ದರೆ ಚಕ್ರಕ್ಕೆ ಬಿದ್ದ ಪ್ರತಿ ಹೊಡೆತ ಭುಜಕ್ಕೆ ಬರುತ್ತೆ, ಮೈ ಅಲ್ಲಾಡಿದಷ್ಟೂ ಹ್ಯಾಂಡಲ್ ಅಲ್ಲಾಡುತ್ತೆ.

ಬೇರು, ಕಲ್ಲು, ಬಸಿಗಾಲುವೆ ಬಂದಾಗ ಅರ್ಧ ಎದ್ದು ನಿಲ್ಲಿ. ಪೂರ್ತಿ ಸೆಟೆದು ನಿಲ್ಲುವುದಲ್ಲ. ನಮ್ಮೂರಲ್ಲಿ ಹಿಂದೆ ಎತ್ತಿನ ಗಾಡಿ ಮೂಕಿ ಹತ್ತಿರ ನಿಂತು ಹೊಡೆಯುತ್ತಿದ್ದವರ ಮೊಣಕಾಲು ನೋಡಿದವರಿಗೆ ಇದು ಅರ್ಥವಾಗುತ್ತೆ. ಮಂಡಿ ಸ್ವಲ್ಪ ಮಡಚಿದೆ, ಗಾಡಿ ಕೆಳಗೆ ಕುಣಿಯುತ್ತಿದೆ, ತಲೆ ಮಾತ್ರ ಅಲ್ಲಾಡುತ್ತಿಲ್ಲ. ಬಿದ್ದ ಕೊಂಬೆ ಅಥವಾ ಕಾಲುವೆ ದಾಟುವಾಗ ನೇರವಾಗಿ ಹೋಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತಲಿ. ಓರೆಯಾಗಿ ಹೋದರೆ ಒಂದು ಚಕ್ರ ಮೇಲೆ ಒಂದು ಕೆಳಗೆ ಆಗಿ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತೆ. ಕಣ್ಣು ಚಕ್ರದ ಬುಡದಲ್ಲಿ ಬೇಡ, ಹತ್ತಾರು ಮಾರು ಮುಂದೆ ಇರಲಿ. ಮರ ನೋಡುತ್ತಾ ಹೋದವರು ಮರಕ್ಕೇ ಹೋಗುತ್ತಾರೆ.

ತಿರುವು

ಇಲ್ಲಿ ಹೆಚ್ಚಿನವರಿಗೆ ಒಂದು ಆಶ್ಚರ್ಯ ಕಾದಿರುತ್ತೆ. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತೆ. ನನ್ನ ಗಾಡಿಯ ಥರದವುಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿವೆ, ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ಸುತ್ತಬೇಕು, ಹೊರಗಿನದು ಹೆಚ್ಚು. ಇಲ್ಲಿ ಎರಡೂ ಸಮ ಸುತ್ತುತ್ತವೆ. ಟ್ರ್ಯಾಕ್ಟರ್ ಓಡಿಸುವವರು ಡಿಫರೆನ್ಷಿಯಲ್ ಲಾಕ್ ಹಾಕಿಕೊಂಡು ಹೊಲದ ಕೊನೆಯಲ್ಲಿ ತಿರುಗಿಸಲು ಹೋಗಿದ್ದನ್ನು ನೆನಪು ಮಾಡಿಕೊಳ್ಳಿ, ಅದೇ ಕಥೆ.

ಮಾಡಬೇಕಾದ್ದು ಇಷ್ಟು. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಹೋಗಿ ಬ್ರೇಕ್ ಹಿಡಿಯಬೇಡಿ. ಸೀಟಿನಲ್ಲಿ ಸ್ವಲ್ಪ ಮುಂದೆ ಬಂದು ಮೇಲ್ಮೈಯನ್ನು ತಿರುವಿನ ಒಳಕ್ಕೆ ವಾಲಿಸಿ. ಅದೇ ಹೊತ್ತಿಗೆ ಹೊರಗಿನ ಕಾಲಿನಿಂದ ಫುಟ್‌ರೆಸ್ಟ್ ಒತ್ತಿ. ಎಡಕ್ಕೆ ತಿರುಗುವುದಾದರೆ ಎದೆ, ತಲೆ ಎಡಕ್ಕೆ, ಭಾರ ಬಲಗಾಲಿನ ಮೇಲೆ. ಆಗ ಒಳಗಿನ ಹಿಂದಿನ ಚಕ್ರ ಹಗುರಾಗಿ ನೆಲದ ಮೇಲೆ ಸ್ವಲ್ಪ ಜಾರುತ್ತೆ, ಗಾಡಿ ತಿರುಗುತ್ತೆ. ಹೆಬ್ಬೆರಳು ಒಂದೇ ಸಮ ಇರಲಿ.

ಹೊಸಬರು ಮಾಡುವುದು ಇದರ ತದ್ವಿರುದ್ಧ. ನಡುವೆ ಸೆಟೆದು ಕೂತಿರುತ್ತಾರೆ. ಬೈಕಾದರೆ ತಾನೇ ಒಳಗೆ ವಾಲಿ ನಮ್ಮನ್ನೂ ವಾಲಿಸುತ್ತೆ, ಎಟಿವಿ ವಾಲುವುದಿಲ್ಲ, ನಮ್ಮನ್ನು ಹೊರಗೆ ನೂಕುತ್ತೆ. ಹೊರಗೆ ನೂಕಿದ ಮೈಯನ್ನು ಹಿಡಿದುಕೊಳ್ಳಲು ಹ್ಯಾಂಡಲ್ ಜಗ್ಗುತ್ತಾರೆ, ಜಗ್ಗಿದಾಗ ಚಕ್ರ ಇನ್ನಷ್ಟು ತಿರುಗುತ್ತೆ, ಒಳಗಿನ ಎರಡು ಚಕ್ರ ಗಾಳಿಯಲ್ಲಿ. ಸಮತಟ್ಟು ಕಣದಲ್ಲಿ, ಬರೀ ಹದಿನೈದು ಕಿಲೋಮೀಟರ್ ವೇಗದಲ್ಲಿ ಇದು ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಏರು: ಅರ್ಧದಲ್ಲಿ ನಿಂತರೆ ಏನು ಮಾಡ್ತೀರಿ?

ಏರು ಹತ್ತುವುದು ಕಷ್ಟವಲ್ಲ. ಕೆಳಗಿನಿಂದಲೇ ಸರಿಯಾದ ಗೇರ್ ಹಾಕಿ, ಸೀಟಿನಲ್ಲಿ ಮುಂದೆ ಬಂದು, ಎದೆಯನ್ನು ಹ್ಯಾಂಡಲ್ ಕಡೆಗೆ ಬಗ್ಗಿಸಿ, ಒಂದೇ ಸಮ ವೇಗದಲ್ಲಿ ನೇರ ಹತ್ತಿ. ಇನ್ನೂ ಕಡಿದಾಗಿದ್ದರೆ ಎದ್ದು ನಿಂತು ಮುಂದಿನ ಚಕ್ರದ ಮೇಲೆ ಬಾಗಿ. ಮಧ್ಯದಲ್ಲಿ ಗಕ್ಕನೆ ಆಕ್ಸಿಲರೇಟರ್ ಒತ್ತಬಾರದು, ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತೆ. ಏರಿನ ಆಚೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಮೊದಲು ನಡೆದು ಹೋಗಿ ನೋಡಿ ಬನ್ನಿ.

ಕಷ್ಟ ಇರುವುದು ಅರ್ಧ ಏರಿನಲ್ಲಿ ಎಂಜಿನ್ ನಿಂತಾಗ. ನಮ್ಮ ತಮ್ಮನಿಗೆ ಎರಡನೇ ವಾರವೇ ಅದು ಆಯಿತು. ಮನೆ ಹಿಂದಿನ ಬ್ಯಾಣದ ದಾರಿ, ಮೇಲೆ ಒಣಗಿದ ದರಗು. ಚಕ್ರ ಸುಮ್ಮನೆ ತಿರುಗಿತು, ಎಂಜಿನ್ ಆಫ್ ಆಯಿತು, ಗಾಡಿ ಹಿಂದೆ ಉರುಳಲು ಶುರು ಮಾಡಿತು. ಅವನು ಬೈಕಿನಲ್ಲಿ ಮಾಡುವ ಹಾಗೆ ಬಲಗಾಲಿನ ಬ್ರೇಕ್ ಗಟ್ಟಿ ಒತ್ತಿದ.

ಒತ್ತಿದರೆ ಏನಾಗುತ್ತೆ ನೋಡಿ. ಗಾಡಿ ಮೂತಿ ಮೇಲೆ ಮಾಡಿ ನಿಂತಿದೆ, ಭಾರವೆಲ್ಲ ಆಗಲೇ ಹಿಂದಿನ ಚಕ್ರದ ಮೇಲೆ. ಉರುಳುತ್ತಿರುವಾಗ ಹಿಂದಿನ ಚಕ್ರ ಮಾತ್ರ ಹಠಾತ್ ನಿಂತರೆ ಉಳಿದ ಗಾಡಿ ಹಿಂದಕ್ಕೆ ಹೋಗುವುದನ್ನು ನಿಲ್ಲಿಸುವುದಿಲ್ಲ. ಹಿಂದಿನ ಚಕ್ರವನ್ನೇ ತಿರುಗಣೆ ಮಾಡಿಕೊಂಡು ಮುಂಭಾಗ ಮೇಲೆದ್ದು ನಿಮ್ಮ ಮೇಲೆ ಬರುತ್ತೆ. ತಮ್ಮನ ಗಾಡಿಯ ಮುಂದಿನ ಚಕ್ರ ಒಂದು ಮೊಳ ಎದ್ದಿತಂತೆ. ಅವನ ಪುಣ್ಯ, ಹಿಂದೆ ಭಾರ ಇರಲಿಲ್ಲ, ಅವನು ಹ್ಯಾಂಡಲ್ ಮೇಲೆ ಬಗ್ಗಿದ್ದ, ಚಕ್ರ ವಾಪಸ್ ಕೆಳಗೆ ಬಂತು. ಆ ರಾತ್ರಿ ಮತ್ತೆ ಫೋನ್ ಬಂತು, "ನಾಲ್ಕು ಚಕ್ರ ಇದೆ" ಅನ್ನುವ ಮಾತು ಇರಲಿಲ್ಲ.

ಸರಿಯಾದ ಕ್ರಮ ಹೀಗೆ. ಗಾಡಿ ನಿಲ್ಲುತ್ತಿದೆ ಅಂತ ಅನ್ನಿಸಿದ ಕೂಡಲೇ, ಉರುಳುವುದಕ್ಕೆ ಮೊದಲೇ, ಬ್ರೇಕ್ ಹಿಡಿದು ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕಿ. ಉರುಳಲು ಶುರುವಾಗಿಯೇ ಬಿಟ್ಟಿದ್ದರೆ ಹಿಂದಿನ ಬ್ರೇಕ್ ಮುಟ್ಟಬೇಡಿ, ಆಕ್ಸಿಲರೇಟರ್ ಕೊಡಬೇಡಿ. ಮೈಯನ್ನು ಏರಿನ ಕಡೆಗೆ ಪೂರ್ತಿ ಬಗ್ಗಿಸಿಟ್ಟು ಮುಂದಿನ ಬ್ರೇಕನ್ನು ನಿಧಾನವಾಗಿ ಹಿಡಿಯುತ್ತಾ ಬನ್ನಿ. ಪೂರ್ತಿ ನಿಂತ ಮೇಲೆ ಹಿಂದಿನ ಬ್ರೇಕ್, ಆಮೇಲೆ ಪಾರ್ಕಿಂಗ್ ಬ್ರೇಕ್. ಗಾಡಿ ಓರೆಯಾಗಿ ನಿಂತಿದ್ದರೆ ಏರಿನ ಬದಿಗೆ ಇಳಿಯಿರಿ, ತಗ್ಗಿನ ಬದಿಗೆ ಯಾವತ್ತೂ ಬೇಡ. ಇದೂ ಕೈಗೆ ಸಿಗದೆ ಗಾಡಿ ಜೋರಾಗಿ ಉರುಳುತ್ತಿದ್ದರೆ ಏರಿನ ಬದಿಗೆ ಹಾರಿ ಬಿಟ್ಟುಬಿಡಿ. ಗಾಡಿ ಹೋದರೆ ಹೋಗಲಿ.

ನಿಂತ ಗಾಡಿಯನ್ನು ಅಲ್ಲೇ ತಿರುಗಿಸಿ ಇಳಿಸುವ ವಿದ್ಯೆಯೂ ಇದೆ, ಕೈಪಿಡಿಗಳಲ್ಲಿ ಚಿತ್ರ ಸಮೇತ ಕೊಟ್ಟಿರುತ್ತಾರೆ. ನಾನು ಅದನ್ನು ಒಬ್ಬನೇ ಮಾಡುವುದಿಲ್ಲ, ನೀವೂ ಒಬ್ಬರೇ ಮಾಡಬೇಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಹೊರೆ ಇಳಿಸಿ, ಮೇಲಿನ ಮರಕ್ಕೆ ಹಗ್ಗ ಕಟ್ಟಿ, ಇನ್ನಿಬ್ಬರನ್ನು ಕರೆಯಿರಿ. ಅರ್ಧ ಗಂಟೆ ಹೋಗುತ್ತೆ, ಅಷ್ಟೆ.

ಇಳಿಯುವುದು ಇದರ ಕನ್ನಡಿ ಬಿಂಬ. ಸೀಟಿನಲ್ಲಿ ಹಿಂದೆ ಸರಿಯಿರಿ, ಕೈ ನೀಡಿ ಆದರೆ ಸೆಟೆಯಬೇಡಿ, ಕೆಳ ಗೇರಿನಲ್ಲಿ ಎಂಜಿನ್ನೇ ತಡೆಯುವಂತೆ ಬಿಟ್ಟು ಬ್ರೇಕನ್ನು ಮೆಲ್ಲಗೆ ಬಳಸಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ಕೆಲವರಿಗಿದೆ, ಇಲ್ಲಿ ಅದು ಬೇಡವೇ ಬೇಡ. ಓರೆಯಾಗಿ ಇಳಿಯಬೇಡಿ, ನೇರ ಇಳಿಯಿರಿ.

ಅಡ್ಡ ಇಳಿಜಾರು, ಅರ್ಧ ತುಂಬಿದ ಡ್ರಮ್

ಎರಡು ವರ್ಷದ ಹಿಂದೆ, ಮಳೆ ಬಿಟ್ಟು ನಾಲ್ಕು ದಿನ ಆಗಿತ್ತು. ಮೇಲಿನ ಕಾಫಿ ಪಟ್ಟೆಗೆ ಜೀವಾಮೃತ ಕೊಡುತ್ತಿದ್ದೆ. ಹಿಂದಿನ ಕ್ಯಾರಿಯರ್ ಮೇಲೆ 50 ಲೀಟರ್ ಡ್ರಮ್. ಅರ್ಧ ಹೊಯ್ದಾಗಿತ್ತು, ಇನ್ನರ್ಧ ಆಚೆ ಸಾಲಿಗೆ. ಕೆಳಗಿಳಿದು ಸುತ್ತಿ ಹೋಗಬೇಕಿತ್ತು. ಅಡ್ಡ ಹಾಯ್ದರೆ ನಲವತ್ತು ಮಾರು ಅಷ್ಟೆ ಅಂತ ಗುಡ್ಡದ ಮೈಗೆ ಅಡ್ಡಲಾಗಿ ಹೊರಟೆ.

ಮೇಲಿನ ಚಕ್ರ ಒಂದು ಸಿಲ್ವರ್ ಓಕ್ ಬೇರಿನ ಮೇಲೆ ಹತ್ತಿತು. ಅಷ್ಟಕ್ಕೇ ಗಾಡಿ ಮಗುಚುತ್ತಿರಲಿಲ್ಲ. ಡ್ರಮ್ಮಿನೊಳಗಿನ ನೀರು ಕೆಳ ಬದಿಗೆ ಓಡಿತು. ತುಂಬಿದ ಡ್ರಮ್ಮಿನಲ್ಲಿ ನೀರಿಗೆ ಓಡಲು ಜಾಗ ಇಲ್ಲ, ಅರ್ಧ ತುಂಬಿದ್ದರಲ್ಲಿ ಅಷ್ಟೂ ನೀರು ಒಂದೇ ಸಲ ನಿಮಗೆ ಬೇಡದ ಕಡೆಗೇ ಹೋಗುತ್ತೆ. ಗಾಡಿ ಎಡಕ್ಕೆ, ತಗ್ಗಿಗೆ ವಾಲಿತು. ಹತ್ತು ವರ್ಷದ ಬೈಕಿನ ಅಭ್ಯಾಸ, ನನ್ನ ಎಡಗಾಲು ತಾನಾಗಿ ಕೆಳಗೆ ಹೋಯಿತು. ಹಿಂದಿನ ಟಯರ್ ಹಿಮ್ಮಡಿ ಹಿಡಿಯಿತು. ನಾನು ತಗ್ಗಿನ ಕಡೆ ಬಿದ್ದೆ, ಗಾಡಿ ನನ್ನ ಮೇಲೆ ಬರುತ್ತಿತ್ತು, ಕ್ಯಾರಿಯರ್ ಹೋಗಿ ಒಂದು ಹಲಸಿನ ಮರಕ್ಕೆ ತಾಗಿ ಅಲ್ಲೇ ನಿಂತಿತು. ಡ್ರಮ್ಮಿನ ಮುಚ್ಚಳ ಬಿಚ್ಚಿ ಉಳಿದ ಜೀವಾಮೃತ ಪೂರ್ತಿ ನನ್ನ ತಲೆ ಮೇಲೆ. ಕುಂಟುತ್ತಾ ಮನೆಗೆ ಬಂದಾಗ ಅಮ್ಮ, "ಗಿಡಕ್ಕೆ ಹಾಕೋದನ್ನ ನೀನೇ ಹಾಕ್ಕಂಡು ಬಂದ್ಯಾ?" ಅಂದರು. ಕಾಲಿನ ಊತ ನೋಡಿದ ಮೇಲೆ ಮಾತು ನಿಂತಿತು. ಆರು ವಾರ ತೋಟಕ್ಕೆ ಹೋಗಲಿಲ್ಲ. ಆ ಹಲಸಿನ ಮರ ಕಡಿಸಬೇಕು ಅಂತ ಅಪ್ಪಯ್ಯ ಎರಡು ವರ್ಷದಿಂದ ಹೇಳುತ್ತಿದ್ದರು, ಈಗ ಹೇಳುವುದಿಲ್ಲ.

ನಾನು ಮಾಡಬೇಕಿದ್ದುದು ಏನು? ಮೊದಲನೆಯದಾಗಿ, ಹೊರೆ ಹೊತ್ತು ಅಡ್ಡ ಹೋಗಲೇಬಾರದಿತ್ತು. ಖಾಲಿ ಗಾಡಿಯಲ್ಲಿ, ಕಡಿಮೆ ಇಳಿಜಾರಿನಲ್ಲಿ ಹೋಗಲೇಬೇಕಾದರೆ ಮೈಯನ್ನು ಗುಡ್ಡದ ಕಡೆಗೆ ವಾಲಿಸಿ, ಮೇಲಿನ ಬದಿಯ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ, ಸೀಟಿನಿಂದ ಅರ್ಧ ಪೃಷ್ಠ ಆ ಕಡೆ ಜಾರಿಸಿ ತುಂಬಾ ನಿಧಾನ ಹೋಗಬೇಕು. ವಾಲುತ್ತಿದೆ ಅನ್ನಿಸಿದರೆ, ಕೆಳಗೆ ದಾರಿ ತೆರವಿದ್ದರೆ, ಹ್ಯಾಂಡಲನ್ನು ಮೆಲ್ಲಗೆ ತಗ್ಗಿನ ಕಡೆಗೆ ತಿರುಗಿಸಿ. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತೆ, ಅದು ತಪ್ಪು. ತಗ್ಗಿಗೆ ತಿರುಗಿದರೆ ಗಾಡಿ ಅಡ್ಡ ಹೋಗಿ ನೇರವಾಗುತ್ತೆ, ನೇರ ಇಳಿಯುವುದು ನಿಮಗೆ ಈಗಾಗಲೇ ಗೊತ್ತು. ಕೆಳಗೆ ದಾರಿ ಇಲ್ಲದಿದ್ದರೆ ಗುಡ್ಡದ ಬದಿಗೆ ಇಳಿದುಬಿಡಿ.

ಎಷ್ಟು ಇಳಿಜಾರು ಅಂದರೆ ಹೆಚ್ಚು? ನಿಮ್ಮ ಗಾಡಿಯ ಮಿತಿ ಕೈಪಿಡಿಯಲ್ಲಿ ಇದ್ದರೆ ಅದೇ ಕೊನೆ ಮಾತು. ನಾನು ನನಗೆ ಹಾಕಿಕೊಂಡಿರುವುದು 15 ಡಿಗ್ರಿ, ಅಂದರೆ ಒಂದು ಮೀಟರ್ ದೂರಕ್ಕೆ ಸುಮಾರು 27 ಸೆಂಟಿಮೀಟರ್ ಏರಿಕೆ. ಕಣ್ಣಳತೆ ನಂಬಬೇಡಿ. ಕೈಯಲ್ಲಿ ಫೋನ್ ಇದೆಯಲ್ಲ, ಮಟ್ಟ ನೋಡುವ ಆ್ಯಪ್ ತೆರೆಯಿರಿ, ನೆಲದ ಮೇಲೆ ಒಂದು ಮೀಟರ್ ಉದ್ದದ ರೀಪು ಇಟ್ಟು ಅದರ ಮೇಲೆ ಫೋನ್ ಇಡಿ. ಡಿಗ್ರಿ ತೋರಿಸುತ್ತೆ. ನಾನು ತೋಟದ ಎಲ್ಲ ದಾರಿ ಹೀಗೆ ಅಳೆದು, ಮಿತಿ ದಾಟಿದಲ್ಲೆಲ್ಲ ಮರಕ್ಕೆ ಸುಣ್ಣ ಬಳಿದಿದ್ದೇನೆ. ಸುಣ್ಣ ಕಂಡರೆ ತಲೆಹೊರೆಯೇ. ನಾನು ಬಿದ್ದ ಜಾಗ 21 ಡಿಗ್ರಿ ಇತ್ತು.

ಭಾರದ ಲೆಕ್ಕವೂ ಸ್ಟಿಕರ್‌ನಲ್ಲೇ ಇದೆ. ನನ್ನ ಗಾಡಿಗೆ ಮುಂದೆ 30 ಕೆಜಿ, ಹಿಂದೆ 60 ಕೆಜಿ. ಒಂದು ಲೀಟರ್ ನೀರು ಒಂದು ಕೆಜಿ, ಹಾಗಾಗಿ 100 ಲೀಟರ್ ಟ್ಯಾಂಕ್ ಅನ್ನುವ ಯೋಚನೆಯೇ ಬೇಡ. ಈಗ ನಾನು ಒಂದು ದೊಡ್ಡ ಡ್ರಮ್ ಬದಲು 10 ಲೀಟರ್ ಕ್ಯಾನುಗಳನ್ನು ತಗ್ಗಾಗಿ ಜೋಡಿಸಿ ಬಿಗಿಯುತ್ತೇನೆ, ಒಂದು ಖಾಲಿಯಾದ ಮೇಲೆ ಇನ್ನೊಂದು. ಅರ್ಧ ತುಂಬಿದ್ದು ಯಾವಾಗಲೂ ಒಂದೇ ಇರುತ್ತೆ. ಹೊರೆ ಇದ್ದಾಗ ಮೈ ಎಷ್ಟು ಸರಿದರೂ ಖಾಲಿ ಗಾಡಿಯಷ್ಟು ಕೆಲಸ ಆಗಲ್ಲ ಅನ್ನುವುದು ನೆನಪಿರಲಿ, ಬ್ರೇಕ್ ಹಿಡಿಯಲು ಜಾಗವೂ ಹೆಚ್ಚು ಬೇಕು.

ಕಲಿಯುವುದು ಎಲ್ಲಿ, ಹೇಗೆ

ಹೋಮ್‌ಸ್ಟೇ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಸುತ್ತಿದ್ದು ಕಲಿಕೆ ಅಲ್ಲ. ಕೊಯ್ಲಾದ ಒಣ ಗದ್ದೆ ಒಳ್ಳೆಯ ಶಾಲೆ. ತಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಮೊದಲ ದಿನ ಎಂಜಿನ್ ಚಾಲೂ ಮಾಡಲೇ ಇಲ್ಲ. ನಿಂತ ಗಾಡಿಯ ಮೇಲೆ ಮುಂದೆ, ಹಿಂದೆ, ಎಡ, ಬಲ ಸರಿಯುವುದು, ಅರ್ಧ ಏಳುವುದು, ಕಣ್ಣು ಮುಚ್ಚಿ ಮೂರು ಬ್ರೇಕ್ ಬೇರೆ ಬೇರೆ ಹಿಡಿಯುವುದು, ಎಂಜಿನ್ ಆಫ್ ಸ್ವಿಚ್ ಮುಟ್ಟುವುದು. ಅವನಿಗೆ ಸಿಟ್ಟು ಬಂತು. ಎರಡನೇ ದಿನ ಮೊದಲ ಗೇರಿನಲ್ಲಿ ಹೋಗಿ ಗೆರೆಯ ಮೇಲೆ ನಿಲ್ಲಿಸುವುದು. ಮೂರನೇ ದಿನ ನಾಲ್ಕು ಅಡಿಕೆ ಸಸಿ ಚೀಲ ಇಟ್ಟು ಅವುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತುವುದು. ಎಂಟು ಬರೆಯುವಾಗ ಎಡ ತಿರುವಿನಿಂದ ಬಲ ತಿರುವಿಗೆ ಮೈ ದಾಟಿಸಲೇಬೇಕು, ಇಲ್ಲದಿದ್ದರೆ ಸಸಿ ಉಳಿಯಲ್ಲ. ಎರಡು ಸಸಿ ಹೋದವು. ಆಮೇಲೆ ಗದ್ದೆಯ ಬದು ನೇರ ಹತ್ತಿ ಇಳಿಯುವುದು. ಗುಡ್ಡ ಹತ್ತಿಸಿದ್ದು ಮೂರು ವಾರದ ಮೇಲೆ, ಅದೂ ಬೆಳಿಗ್ಗೆ, ದಾರಿ ಒಣಗಿದ್ದಾಗ, ಹೊರೆ ಇಲ್ಲದೆ.

ಲುಂಗಿ, ಹವಾಯಿ ಚಪ್ಪಲಿ, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಹತ್ತಬೇಡಿ. ಮೂರೂ ಎಲ್ಲಾದರೂ ಸಿಕ್ಕಿಕೊಳ್ಳುತ್ತವೆ. ಪ್ಯಾಂಟು, ಹಿಮ್ಮಡಿ ಇರುವ ಬೂಟು, ಐಎಸ್‌ಐ ಹೆಲ್ಮೆಟ್, ಕಾಫಿ ರೆಕ್ಕೆ ಕಣ್ಣಿಗೆ ಬಡಿಯದ ಹಾಗೆ ಕನ್ನಡಕ. ತೋಟದೊಳಗೆ ಯಾರು ನೋಡ್ತಾರೆ ಅಂತ ಹೆಲ್ಮೆಟ್ ಬಿಡುವವರಿದ್ದಾರೆ, ಪೊಲೀಸರು ಇಲ್ಲದಿದ್ದರೂ ಕಲ್ಲು ಇರುತ್ತೆ. ನೋಂದಣಿ ಆಗದ ಎಟಿವಿಯನ್ನು ರಸ್ತೆಗೆ ಇಳಿಸುವಂತಿಲ್ಲ, ಆ ಟಯರ್‌ಗಳು ಡಾಂಬರಿಗೆ ಮಾಡಿದವೂ ಅಲ್ಲ.

ಕೊನೆಯದಾಗಿ ಫೋನ್. ಹ್ಯಾಂಡಲ್ ಮೇಲಿನ ಹೋಲ್ಡರ್‌ನಲ್ಲಿ ಇಡಬೇಡಿ, ಜಿಪ್ ಇರುವ ಎದೆ ಜೇಬಿನಲ್ಲಿ ಇಡಿ. ಗಾಡಿ ಒಂದು ಕಡೆ, ನೀವು ಒಂದು ಕಡೆ ಬಿದ್ದಾಗ ಫೋನ್ ನಿಮ್ಮ ಜೊತೆ ಇರಬೇಕು. ನಮ್ಮ ಮೇಲಿನ ಪಟ್ಟೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಅಡುಗೆಮನೆಯ ಬೋರ್ಡಿನ ಮೇಲೆ ಬರೆದು ಹೋಗುತ್ತೇನೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ದಾಟಿದರೆ ಅಮ್ಮ ಯಾರನ್ನಾದರೂ ಕಳಿಸುತ್ತಾರೆ. ತಮ್ಮನ ಮನೆಯಲ್ಲೂ ಹೋದ ಭಾನುವಾರ ಅಂಥದೊಂದು ಬೋರ್ಡ್ ಮೊಳೆ ಹೊಡೆದು ಬಂದೆ.